ಲಿನಕ್ಸ್ ಪರದೆ 1024×768 ದಾಟುತ್ತಿಲ್ಲ: ಟರ್ಮಿನಲ್‌ನಿಂದ ಸರಿಪಡಿಸುವುದು ಹೇಗೆ?

ಅಚ್ಚುಮೊಳೆ (ಚಾಮರಾಜಪೇಟೆ):

ಎಲ್ಲರಿಗೂ ನಮಸ್ಕಾರ. ಚಾಮರಾಜಪೇಟೆಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿಯಿದೆ. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕುಗಳ ವಿನ್ಯಾಸವನ್ನೆಲ್ಲ ಲಿನಕ್ಸ್ ಮಿಂಟ್ ಹಾಕಿರುವ ಹಳೆಯ ಡೆಸ್ಕ್‌ಟಾಪ್‌ನಲ್ಲಿ, ಇಂಕ್‌ಸ್ಕೇಪ್ ಮತ್ತು ಸ್ಕ್ರೈಬಸ್ ಬಳಸಿ ಮಾಡುತ್ತೇವೆ. ಅದರಲ್ಲಿರುವುದು ಮದರ್‌ಬೋರ್ಡಿನ ಜೊತೆಗೇ ಬಂದ ಇಂಟೆಲ್ ಗ್ರಾಫಿಕ್ಸ್. ಮಾನಿಟರ್ 20 ಇಂಚಿನದು, ಅದರ ಸಹಜ ರೆಸಲ್ಯೂಶನ್ 1600×900, ಮತ್ತು ಅದಕ್ಕಿರುವುದು ವಿಜಿಎ ಸಂಪರ್ಕ ಒಂದೇ.

ಈಚೆಗೆ ಅಂಗಡಿಯ ಮೇಜುಗಳ ಜಾಗ ಬದಲಿಸಿದಾಗ ಹಳೆಯ ಕೇಬಲ್ ಎಟುಕದೆ, ಎಸ್.ಪಿ. ರಸ್ತೆಯಿಂದ ಉದ್ದದ ಕೇಬಲ್ ತಂದು ಹಾಕಿದೆವು. ಆಮೇಲಿನಿಂದ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 1024×768ಕ್ಕಿಂತ ದೊಡ್ಡ ಆಯ್ಕೆಯೇ ಕಾಣುತ್ತಿಲ್ಲ. ಗುಂಡಗೆ ಬರೆದ ಮಂಗಳಕಲಶ ಪರದೆಯ ಮೇಲೆ ಕುಂಬಳಕಾಯಿಯಂತೆ ಅಡ್ಡಡ್ಡ ಹಿಗ್ಗಿರುತ್ತದೆ. ಚಿಕ್ಕ ಗಾತ್ರದ ಅಕ್ಷರಗಳಲ್ಲಿ 'ಷ್ಟ್ರ', 'ತ್ಸ್ಯ'ದಂಥ ಒತ್ತುಗಳು ಕಲಸಿಹೋಗಿ, ಕರಡು ತಿದ್ದಬೇಕೆಂದರೆ ಪ್ರತಿ ಸಲವೂ ಕಾಗದದ ಮೇಲೆ ಪ್ರಿಂಟ್ ತೆಗೆದೇ ನೋಡಬೇಕಾಗಿದೆ. ರಿಪೇರಿಗೆಂದು ಕರೆಸಿದವರು ವಿಂಡೋಸ್ ಹಾಕಿಸಿಬಿಡಿ ಎಂದು ಹೇಳಿ ಹೋದರು. ಅದು ನನಗೆ ಒಪ್ಪಿಗೆಯಿಲ್ಲ. ಕೇಬಲ್ ಬದಲಿಸುವವರೆಗೂ ಇದೇ ಮಿಂಟ್‌ನಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು.

ಟರ್ಮಿನಲ್‌ನಲ್ಲಿ ಎಕ್ಸ್‌ರ್ಯಾಂಡರ್ ಎಂಬ, ಪರದೆಯ ಗಾತ್ರಗಳನ್ನು ತೋರಿಸುವ ಆಜ್ಞೆ ಕೊಟ್ಟಾಗ ಬಂದದ್ದನ್ನು ಕನ್ನಡ ಲಿಪಿಗೆ ಇಳಿಸಿ ಕೆಳಗೆ ಹಾಕಿದ್ದೇನೆ.

ವಿಜಿಎ-1 ಕನೆಕ್ಟೆಡ್ ಪ್ರೈಮರಿ 1024ಎಕ್ಸ್768+0+0 0ಎಂಎಂ ಎಕ್ಸ್ 0ಎಂಎಂ
1024ಎಕ್ಸ್768 60.00*
800ಎಕ್ಸ್600 60.32 56.25
848ಎಕ್ಸ್480 60.00
640ಎಕ್ಸ್480 59.94

ಟರ್ಮಿನಲ್ ನನಗೆ ಅಷ್ಟಾಗಿ ರೂಢಿಯಿಲ್ಲ. ಆದರೆ ಹೇಳಿದ್ದನ್ನು ತಪ್ಪಿಲ್ಲದೆ ಟೈಪ್ ಮಾಡಬಲ್ಲೆ. 1600×900 ಅನ್ನು ಆಜ್ಞೆಗಳ ಮೂಲಕವೇ ಸೇರಿಸಲು ಸಾಧ್ಯವೇ?


ಕಪ್ಪುಪರದೆ:

ಸಾಧ್ಯ. ಕೆಲಸ ನಿಂತಿರುವುದರಿಂದ ಮೊದಲು ತಾತ್ಕಾಲಿಕ ಪರಿಹಾರವನ್ನು ಹೇಳುತ್ತೇನೆ. ನಿಮ್ಮಂತೆಯೇ ನಾನೂ ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತೇನೆ; ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ವಿಜಿಎ ಎಂಬ ಹೆಸರು ಮಾತ್ರ ದೊಡ್ಡ ಅಕ್ಷರಗಳಲ್ಲಿ, ಎಕ್ಸ್‌ರ್ಯಾಂಡರ್ ತೋರಿಸಿದ ಹಾಗೆಯೇ ಇರಬೇಕು.

ಒಂದು ರೆಸಲ್ಯೂಶನ್ ಬೇಕೆಂದರೆ ಅಗಲ ಮತ್ತು ಎತ್ತರವನ್ನಷ್ಟೇ ಹೇಳಿದರೆ ಗ್ರಾಫಿಕ್ಸ್‌ಗೆ ಸಾಲದು. ಸೆಕೆಂಡಿಗೆ ಎಷ್ಟು ಪಿಕ್ಸೆಲ್‌ಗಳನ್ನು ಕಳಿಸಬೇಕು, ಒಂದು ಸಾಲು ಮುಗಿದ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು, ಮುಂದಿನ ಸಾಲಿನ ಸೂಚನೆಯನ್ನು ಯಾವಾಗ ಕೊಡಬೇಕು ಎಂಬ ವಿವರಗಳೆಲ್ಲ ಬೇಕು. ಈ ವಿವರಗಳಿರುವ ಒಂದು ಸಾಲಿಗೆ ಮೋಡ್‌ಲೈನ್ ಎನ್ನುತ್ತಾರೆ. ಅದನ್ನು ಲೆಕ್ಕ ಹಾಕಿಕೊಡುವ ಆಜ್ಞೆ ಇದು.

ಸಿವಿಟಿ 1600 900 60

ಉತ್ತರದಲ್ಲಿ 118.25ರಿಂದ ಶುರುವಾಗುವ ಅಂಕಿಗಳ ಸಾಲೊಂದು ಬರುತ್ತದೆ. ಆ 118.25 ಎಂಬುದು ಪಿಕ್ಸೆಲ್ ಕ್ಲಾಕ್, ಮೆಗಾಹರ್ಟ್ಸ್‌ನಲ್ಲಿ. ಅನಂತರದ ನಾಲ್ಕು ಅಂಕಿಗಳು ಅಡ್ಡ ಸಾಲಿಗೆ, ಆಮೇಲಿನ ನಾಲ್ಕು ಉದ್ದಕ್ಕೆ ಸಂಬಂಧಿಸಿದವು. 1600 ಪಿಕ್ಸೆಲ್‌ಗಳು ಕಣ್ಣಿಗೆ ಕಾಣುತ್ತವೆ. ಸಾಲಿನ ಪೂರ್ತಿ ಉದ್ದ ಮಾತ್ರ 2112. ಉಳಿದ 512ರಷ್ಟು ಹೊತ್ತು ಹಳೆಯ ಪಿಕ್ಚರ್ ಟ್ಯೂಬಿನ ಕಿರಣ ಎಡಕ್ಕೆ ಮರಳಲು ಬಿಟ್ಟ ಸಮಯ. ಟ್ಯೂಬುಗಳು ಹೋದರೂ ಆ ಬಿಡುವು ಲೆಕ್ಕದಲ್ಲಿ ಉಳಿದುಕೊಂಡಿದೆ. ಹೀಗೆ ಪೂರ್ತಿ ವಿವರಿಸಿದ ರೆಸಲ್ಯೂಶನ್ನೇ ಒಂದು ಮೋಡ್. ಈಗ ಈ ಎರಡು ಸಾಲುಗಳನ್ನು ಕೊಡಿ. ಮೋಡ್‌ಗೆ ಯಾವ ಹೆಸರನ್ನಾದರೂ ಇಡಬಹುದಾದ್ದರಿಂದ 'ಪರದೆ' ಎಂದೇ ಇಟ್ಟಿದ್ದೇನೆ.

ಎಕ್ಸ್‌ರ್ಯಾಂಡರ್ --ನ್ಯೂಮೋಡ್ ಪರದೆ 118.25 1600 1696 1856 2112 900 903 908 934 -ಎಚ್‌ಸಿಂಕ್ +ವಿಸಿಂಕ್
ಎಕ್ಸ್‌ರ್ಯಾಂಡರ್ --ಆ್ಯಡ್‌ಮೋಡ್ ವಿಜಿಎ-1 ಪರದೆ

ಮೊದಲನೆಯದು ಮೋಡ್ ಅನ್ನು ಹುಟ್ಟಿಸುತ್ತದೆ, ಎರಡನೆಯದು ಅದನ್ನು ನಿಮ್ಮ ವಿಜಿಎ ಸಂಪರ್ಕಕ್ಕೆ ಜೋಡಿಸುತ್ತದೆ. ಜಾರಿಗೆ ತರುವಾಗ ಪರದೆ ಕಪ್ಪಾಗಿಬಿಟ್ಟರೆ ಹಿಂದಿರುಗಲು ದಾರಿಯಿರಲಿ ಎಂದು ಮೂರನೆಯ ಆಜ್ಞೆಯನ್ನು ಹೀಗೆ ಕೊಡಿ.

ಎಕ್ಸ್‌ರ್ಯಾಂಡರ್ --ಔಟ್‌ಪುಟ್ ವಿಜಿಎ-1 --ಮೋಡ್ ಪರದೆ; ಸ್ಲೀಪ್ 15; ಎಕ್ಸ್‌ರ್ಯಾಂಡರ್ --ಔಟ್‌ಪುಟ್ ವಿಜಿಎ-1 --ಮೋಡ್ 1024ಎಕ್ಸ್768

ಹೊಸ ಮೋಡ್ ಹದಿನೈದು ಸೆಕೆಂಡು ಕಾಣಿಸಿಕೊಂಡು ತಾನಾಗಿಯೇ ಹಳೆಯದಕ್ಕೆ ಮರಳುತ್ತದೆ. ಚಿತ್ರ ಸರಿಯಾಗಿ ಬಂದಿತೆಂದರೆ, ಮೊದಲ ಅರ್ಧವಿರಾಮದವರೆಗಿನ (;) ಭಾಗವನ್ನಷ್ಟೇ ಇನ್ನೊಮ್ಮೆ ಕೊಡಿ. 'ನ್ಯೂಮೋಡ್' ಸಾಲನ್ನು ಅದೇ ಹೆಸರಿನಲ್ಲಿ ಮತ್ತೆ ಕೊಟ್ಟರೆ ಬ್ಯಾಡ್‌ನೇಮ್ ಎಂಬ ದೋಷ ಬರುತ್ತದೆ. ಆ ಹೆಸರಿನ ಮೋಡ್ ಆಗಲೇ ಇದೆ ಎಂಬುದಷ್ಟೇ ಅದರ ಅರ್ಥ.


ತಂತಿಬೇಲಿ:

ಕಪ್ಪುಪರದೆಯವರು ಹೇಳಿದ ಆಜ್ಞೆಗಳು ಸರಿಯಾಗಿಯೇ ಇವೆ, ನಿಮ್ಮ ಇಂದಿನ ಕೆಲಸವೂ ಅದರಿಂದ ನಡೆಯುತ್ತದೆ. ಆದರೆ ರೋಗ ಇರುವುದು ಲಿನಕ್ಸ್‌ನಲ್ಲಿ ಅಲ್ಲ ಎಂಬುದನ್ನು ನೀವೇ ಹಾಕಿರುವ ಮೊದಲ ಸಾಲು ಹೇಳುತ್ತಿದೆ. ಅದರ ಕೊನೆಯಲ್ಲಿರುವ '0ಎಂಎಂ ಎಕ್ಸ್ 0ಎಂಎಂ' ಎಂಬುದನ್ನು ನೋಡಿ. ಮಾನಿಟರ್ ತನ್ನ ಪರಿಚಯ ಹೇಳಿಕೊಂಡಿದ್ದರೆ ಅಲ್ಲಿ ಪರದೆಯ ನಿಜವಾದ ಅಗಲ, ಎತ್ತರ ಮಿಲಿಮೀಟರುಗಳಲ್ಲಿ ಇರುತ್ತಿದ್ದವು. 20 ಇಂಚಿನ ಅಗಲ ಪರದೆಗೆ ಸುಮಾರು 443 ಮತ್ತು 249.

ಆ ಪರಿಚಯಪತ್ರಕ್ಕೆ ಇಡಿಐಡಿ ಎಂದು ಹೆಸರು. 128 ಬೈಟ್‌ಗಳ ಒಂದು ಪುಟ್ಟ ಕಡತ ಅದು. ತಯಾರಕರ ಸಂಕೇತ, ಪರದೆಯ ಅಳತೆ, ಯಾವ ಯಾವ ಮೋಡ್‌ಗಳು ನಡೆಯುತ್ತವೆ, ಅವುಗಳಲ್ಲಿ ಯಾವುದು ಮಾನಿಟರಿಗೆ ಸಹಜವಾದದ್ದು ಎಂಬುದೆಲ್ಲ ಅದರಲ್ಲಿರುತ್ತದೆ. ಹೊಸ ಟಿವಿಗಳಲ್ಲಿ ಇಂಥ ಇನ್ನೊಂದು ಕಂತು ಸೇರಿ 256 ಬೈಟ್ ಆಗುವುದುಂಟು. ಇದು ಸಿಗದಿದ್ದಾಗ ಕರ್ನಲ್ (ಲಿನಕ್ಸ್‌ನ ತಿರುಳು) ಊಹೆ ಮಾಡಲು ಹೋಗುವುದಿಲ್ಲ. ಯಾವ ಮಾನಿಟರಿಗೂ ಹಾನಿಯಾಗದಂಥ ಕೆಲವೇ ಮೋಡ್‌ಗಳನ್ನು ಮುಂದಿಡುತ್ತದೆ. 1024×768, 800×600, 848×480, 640×480: ನಿಮ್ಮ ಪಟ್ಟಿ ಅಕ್ಷರಶಃ ಅದೇ. ಖಾತ್ರಿ ಮಾಡಿಕೊಳ್ಳಲು ಈ ಆಜ್ಞೆ ಕೊಡಿ.

ಕ್ಯಾಟ್ /ಸಿಸ್/ಕ್ಲಾಸ್/ಡಿಆರ್‌ಎಂ/ಕಾರ್ಡ್*-ವಿಜಿಎ-1/ಇಡಿಐಡಿ | ಡಬ್ಲ್ಯುಸಿ -ಸಿ

ಇಲ್ಲಿಯೂ ವಿಜಿಎ ಮಾತ್ರ ದೊಡ್ಡ ಅಕ್ಷರ, ಉಳಿದದ್ದೆಲ್ಲ ಸಣ್ಣದು. ಉತ್ತರ 128 ಅಥವಾ 256 ಎಂದು ಬಂದರೆ ಮಾನಿಟರಿನ ಮಾತು ಕಂಪ್ಯೂಟರಿಗೆ ತಲುಪುತ್ತಿದೆ ಎಂದರ್ಥ. 0 ಎಂದು ಬಂದರೆ ಕೇಬಲನ್ನು ಬಿಚ್ಚಿ, ತುದಿಯನ್ನು ಬೆಳಕಿಗೆ ಹಿಡಿದು ನೋಡಿ.

ವಿಜಿಎ ಪ್ಲಗ್‌ನಲ್ಲಿ ಐದೈದರ ಮೂರು ಸಾಲುಗಳಲ್ಲಿ 15 ಸೂಜಿಗಳಿರುತ್ತವೆ. ಅಗಲವಾದ ಬದಿ ಮೇಲಿರುವಂತೆ ಸೂಜಿಗಳನ್ನು ನಿಮ್ಮ ಕಡೆ ತಿರುಗಿಸಿ ಹಿಡಿದರೆ ಎಡದಿಂದ ಬಲಕ್ಕೆ ಎಣಿಕೆ. ಕೆಳಸಾಲು 11ರಿಂದ 15. ಬಣ್ಣಗಳು ಹೋಗುವುದು ಮೇಲಿನ ಸಾಲಿನ ಮೊದಲ ಮೂರರಲ್ಲಿ. ಇಡಿಐಡಿ ಬರುವುದು 12 ಮತ್ತು 15ರಲ್ಲಿ, ಅಂದರೆ ಕೆಳಸಾಲಿನ ಎರಡನೆಯ ಮತ್ತು ಕೊನೆಯ ಸೂಜಿಗಳಲ್ಲಿ. ಅಗ್ಗದ ಉದ್ದ ಕೇಬಲ್‌ಗಳಲ್ಲಿ ಈ ಎರಡಕ್ಕೆ ಸೂಜಿಯೇ ಇರುವುದಿಲ್ಲ, ಅಥವಾ ಸೂಜಿಯಿದ್ದು ಒಳಗೆ ತಂತಿ ಇರುವುದಿಲ್ಲ. ಚಿತ್ರಕ್ಕೆ ಅವು ಬೇಕಿಲ್ಲವಾದ್ದರಿಂದ ಅಂಗಡಿಯಲ್ಲಿ ಪರೀಕ್ಷಿಸಿದಾಗಲೂ ಚಿತ್ರ ಬರುತ್ತದೆ, ಮಾರಿದವರಿಗೂ ಕೊಂಡವರಿಗೂ ಅನುಮಾನ ಬರುವುದಿಲ್ಲ. ನಡುಸಾಲಿನ 9ನೇ ಸೂಜಿ ಇಲ್ಲದಿದ್ದರೆ ಮಾತ್ರ ಗಾಬರಿ ಬೇಡ. ಎಷ್ಟೋ ಒಳ್ಳೆಯ ಕೇಬಲ್‌ಗಳಲ್ಲಿಯೂ ಅದು ಇರುವುದಿಲ್ಲ. ಅದು ಮಾನಿಟರಿನ ಇಡಿಐಡಿ ಚಿಪ್‌ಗೆ 5 ವೋಲ್ಟ್ ಕೊಡುವ ಸೂಜಿಯಾದ್ದರಿಂದ, ಅದಿಲ್ಲದ ಕೇಬಲ್ ಹಾಕಿದಾಗ ಕಂಪ್ಯೂಟರಿಗಿಂತ ಮೊದಲು ಮಾನಿಟರ್ ಆನ್ ಮಾಡುವುದು ಕ್ಷೇಮ.

ಎರಡು ಕಂಪ್ಯೂಟರುಗಳಿಗೆ ಒಂದೇ ಮಾನಿಟರ್ ಹಂಚುವ ಸ್ವಿಚ್ ಪೆಟ್ಟಿಗೆಗಳಿಂದಲೂ ಇದೇ ತೊಂದರೆ ಬರುತ್ತದೆ. ಮಧ್ಯದಲ್ಲಿ ಅಂಥದ್ದೇನಾದರೂ ಇದ್ದರೆ ತೆಗೆದು ನೋಡಿ.

ಡ್ರೈವರ್ ಬಗ್ಗೆ ಒಂದು ಮಾತು, ಏಕೆಂದರೆ ಮುಂದೆ ಯಾರಾದರೂ ಅದನ್ನೇ ದೂರುತ್ತಾರೆ. ಗ್ರಬ್ (ಲಿನಕ್ಸ್ ಅನ್ನು ಬೂಟ್ ಮಾಡಿಸುವ ತಂತ್ರಾಂಶ) ಸಾಲಿನಲ್ಲಿ 'ನೋಮೋಡ್‌ಸೆಟ್' ಎಂಬ ಪದ ಉಳಿದುಬಿಟ್ಟಿದ್ದರೆ ಇಂಟೆಲ್ ಡ್ರೈವರ್ ಕೆಲಸಕ್ಕೇ ಬರುವುದಿಲ್ಲ, ಆಗಲೂ ರೆಸಲ್ಯೂಶನ್ ಕಡಿಮೆಯಲ್ಲೇ ನಿಲ್ಲುತ್ತದೆ. ಆದರೆ ಆ ಸ್ಥಿತಿಯಲ್ಲಿ ಎಕ್ಸ್‌ರ್ಯಾಂಡರ್ ವಿಜಿಎ-1 ಎಂದು ಹೆಸರು ಹಿಡಿದು ಹೇಳದೆ 'ಡಿಫಾಲ್ಟ್' ಎಂಬಂಥ ಹೆಸರನ್ನು ತೋರಿಸುತ್ತದೆ. ನಿಮ್ಮಲ್ಲಿ ವಿಜಿಎ-1 ಎಂದೇ ಬಂದಿರುವುದರಿಂದ ಡ್ರೈವರಿನ ತಪ್ಪಿಲ್ಲ.


ಅಚ್ಚುಮೊಳೆ (ಚಾಮರಾಜಪೇಟೆ):

ಇಬ್ಬರಿಗೂ ಧನ್ಯವಾದಗಳು. ಬೈಟ್ ಎಣಿಸುವ ಆಜ್ಞೆಗೆ 0 ಎಂದೇ ಬಂತು. ಕೇಬಲ್ ಬಿಚ್ಚಿ ನೋಡಿದರೆ ಕೆಳಸಾಲಿನಲ್ಲಿ ಮೂರೇ ಸೂಜಿಗಳಿವೆ. ತಂತಿಬೇಲಿಯವರು ಹೇಳಿದ ಎರಡೂ ಜಾಗಗಳು ಖಾಲಿ, ಬರಿಯ ತೂತುಗಳಿವೆ. ಹಳೆಯ ಕೇಬಲ್‌ನಲ್ಲಿ 9ನೆಯದೊಂದನ್ನು ಬಿಟ್ಟು ಎಲ್ಲವೂ ಇವೆ.

ಬೇರೆ ಕೇಬಲ್ ತರಿಸುವವರೆಗೆ ಆಜ್ಞೆಗಳಿಂದ ಕೆಲಸ ಸಾಗಿಸೋಣವೆಂದು ಕಪ್ಪುಪರದೆಯವರು ಹೇಳಿದಂತೆ ಮಾಡಿದೆ; 1600×900 ಬಂತು, ಕಲಶವೂ ಗುಂಡಗಾಯಿತು. ಉಳಿದಿರುವ ತೊಂದರೆಗಳು ಎರಡು. ಚಿತ್ರ ಸ್ವಲ್ಪ ಬಲಕ್ಕೆ ಸರಿದು ಎಡಗಡೆ ಕಪ್ಪು ಪಟ್ಟಿಯೊಂದು ಉಳಿದಿದೆ, ಮತ್ತು ಕೆಲವು ಕಡೆ ಅಕ್ಷರಗಳ ಲಂಬ ಗೆರೆಗಳು ಮಸುಕಾಗಿವೆ. ಇನ್ನೊಂದು, ಕಂಪ್ಯೂಟರ್ ಆರಿಸಿ ಹೊತ್ತಿಸಿದರೆ ಮತ್ತೆ 1024×768ಕ್ಕೇ ಮರಳುತ್ತದೆ. ಬೆಳಿಗ್ಗೆ ಅಂಗಡಿ ತೆರೆಯುವ ಹುಡುಗನಿಗೆ ಇಷ್ಟೆಲ್ಲ ಟೈಪ್ ಮಾಡಿಸುವುದು ಕಷ್ಟ.


ಕಪ್ಪುಪರದೆ:

ಪಟ್ಟಿಯ ವಿಷಯಕ್ಕೆ ಮೊದಲು ಮಾನಿಟರಿನ ಮೇಲಿರುವ 'ಆಟೊ' ಗುಂಡಿಯನ್ನು ಒತ್ತಿ ನೋಡಿ. ವಿಜಿಎ ಎಂಬುದು ಅನಲಾಗ್ ಸಂಕೇತವಾದ್ದರಿಂದ ಪಿಕ್ಸೆಲ್ ಎಲ್ಲಿ ಆರಂಭವಾಗುತ್ತದೆ, ಸಾಲಿಗೆ ಎಷ್ಟು ಸಲ ಅಳೆಯಬೇಕು ಎಂಬುದನ್ನು ಮಾನಿಟರ್ ತಾನೇ ಅಂದಾಜು ಮಾಡಿಕೊಳ್ಳುತ್ತದೆ. ಆ ಅಂದಾಜು ಕೊಂಚ ತಪ್ಪಿದರೂ ಲಂಬ ಗೆರೆಗಳು ಅಲ್ಲಲ್ಲಿ ಮಸುಕಾಗುತ್ತವೆ. ಗುಂಡಿ ಒತ್ತುವಾಗ ಪರದೆಯ ಅಂಚಿನವರೆಗೂ ಬಿಳಿಯಾದ ಪುಟವೊಂದು ತೆರೆದಿರಲಿ; ಕಪ್ಪು ಹಿನ್ನೆಲೆಯಿದ್ದರೆ ಚಿತ್ರದ ಅಂಚು ಯಾವುದೆಂದು ಮಾನಿಟರಿಗೆ ಗೊತ್ತಾಗುವುದಿಲ್ಲ.

ಅದರಿಂದ ಸರಿಹೋಗದಿದ್ದರೆ ಮೋಡ್‌ಲೈನ್ ಬದಲಿಸೋಣ. ಸಿವಿಟಿ ಕೊಡುವುದು ಸೂತ್ರದ ಲೆಕ್ಕ. 1600×900ಕ್ಕೆ ಪರದೆಗಳ ಮಾನದಂಡ ರೂಪಿಸುವ ವೇಸಾ ಸಂಸ್ಥೆಯ ಪಟ್ಟಿಯಲ್ಲಿ ಬೇರೆಯದೇ ನಿಗದಿತ ಅಂಕಿಗಳಿವೆ, ಈ ಗಾತ್ರದ ಮಾನಿಟರುಗಳು ಸಾಮಾನ್ಯವಾಗಿ ಗುರುತು ಹಿಡಿಯುವುದು ಅವನ್ನೇ.

ಎಕ್ಸ್‌ರ್ಯಾಂಡರ್ --ನ್ಯೂಮೋಡ್ ಪರದೆ2 108.00 1600 1624 1704 1800 900 901 904 1000 +ಎಚ್‌ಸಿಂಕ್ +ವಿಸಿಂಕ್

ಸಾಲಿನ ಪೂರ್ತಿ ಉದ್ದ 1800, ಸಾಲುಗಳು 1000, ಸೆಕೆಂಡಿಗೆ 60 ಬಾರಿ. ಗುಣಿಸಿದರೆ ಸರಿಯಾಗಿ 108 ಮೆಗಾಹರ್ಟ್ಸ್. ಕ್ಲಾಕ್ ಇಳಿದಷ್ಟೂ ಉದ್ದ ಕೇಬಲ್‌ನಲ್ಲಿ ಅಕ್ಷರಗಳ ಪಕ್ಕ ಬೀಳುವ ನೆರಳು ಕಡಿಮೆಯಾಗುವುದರಿಂದ ನಿಮಗೆ ಎರಡು ರೀತಿಯಲ್ಲಿ ಅನುಕೂಲ. ಇದನ್ನೂ 'ಆ್ಯಡ್‌ಮೋಡ್' ಮಾಡಿ, ಹದಿನೈದು ಸೆಕೆಂಡಿನ ಉಪಾಯದಿಂದಲೇ ಪರೀಕ್ಷಿಸಿ.

ಇನ್ನು ಶಾಶ್ವತ ಮಾಡುವ ವಿಚಾರ. ಎಕ್ಸ್‌ರ್ಯಾಂಡರ್ ಮಾಡಿದ ಬದಲಾವಣೆ ಎಕ್ಸ್ ಸರ್ವರ್ (ಪರದೆಯ ಮೇಲೆ ಚಿತ್ರ ಮೂಡಿಸುವ ತಂತ್ರಾಂಶ) ನಡೆಯುತ್ತಿರುವಷ್ಟು ಹೊತ್ತು ಮಾತ್ರ. ನಿಮ್ಮ ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಆರಂಭವಾಗುವ '.ಎಕ್ಸ್‌ಪ್ರೊಫೈಲ್' ಎಂಬ ಕಡತದಲ್ಲಿ ಮೂರೂ ಆಜ್ಞೆಗಳನ್ನು ಬರೆದಿಟ್ಟರೆ ಲಾಗಿನ್ ಆದಾಗಲೆಲ್ಲ ಅವು ತಾವಾಗಿಯೇ ನಡೆಯುತ್ತವೆ. ಆದರೆ ಲಾಗಿನ್ ಪರದೆ ಹಳೆಯ ಗಾತ್ರದಲ್ಲೇ ಇರುತ್ತದೆ, ಹುಡುಗನಿಗೆ ಬೇರೆ ಖಾತೆ ಇದ್ದರೆ ಅವನ ಫೋಲ್ಡರಿನಲ್ಲೂ ಬರೆಯಬೇಕಾಗುತ್ತದೆ. ಅದಕ್ಕಿಂತ ಎಕ್ಸ್ ಸರ್ವರಿನ ಸಂರಚನೆಯಲ್ಲೇ ಬರೆಯುವುದು ನನಗೆ ಇಷ್ಟ. /ಇಟಿಸಿ/ಎಕ್ಸ್11/ಎಕ್ಸ್‌ಓಆರ್‌ಜಿ.ಕಾನ್ಫ್.ಡಿ ಎಂಬ ಫೋಲ್ಡರ್ ಇಲ್ಲದಿದ್ದರೆ ಸೃಷ್ಟಿಸಿ (ಎಕ್ಸ್11ರಲ್ಲಿ ಎಕ್ಸ್ ದೊಡ್ಡ ಅಕ್ಷರ), ಅದರೊಳಗೆ '10-ಮಾನಿಟರ್.ಕಾನ್ಫ್' ಎಂಬ ಕಡತವನ್ನು ಸುಡೊ (ನಿರ್ವಾಹಕರ ಅಧಿಕಾರ ಕೊಡುವ ಆಜ್ಞೆ) ಜೊತೆ ನ್ಯಾನೊ ಎಂಬ ಬರಹದ ತಂತ್ರಾಂಶದಲ್ಲಿ ತೆರೆದು ಹೀಗೆ ಬರೆಯಿರಿ.

ಸೆಕ್ಷನ್ "ಮಾನಿಟರ್"
ಐಡೆಂಟಿಫೈಯರ್ "ವಿಜಿಎ-1"
ಮೋಡ್‌ಲೈನ್ "ಪರದೆ2" 108.00 1600 1624 1704 1800 900 901 904 1000 +ಎಚ್‌ಸಿಂಕ್ +ವಿಸಿಂಕ್
ಆಪ್ಷನ್ "ಪ್ರಿಫರ್ಡ್‌ಮೋಡ್" "ಪರದೆ2"
ಎಂಡ್‌ಸೆಕ್ಷನ್

ಐಡೆಂಟಿಫೈಯರ್ ಹೆಸರು ಎಕ್ಸ್‌ರ್ಯಾಂಡರ್ ತೋರಿಸುವ ಹೆಸರಿಗೆ ಅಕ್ಷರವೂ ವ್ಯತ್ಯಾಸವಿಲ್ಲದೆ ಹೊಂದಬೇಕು. ಬರೆದದ್ದರಲ್ಲಿ ಏನೋ ತಪ್ಪಾಗಿ ಮುಂದಿನ ಸಲ ಚಿತ್ರವೇ ಬಾರದಿದ್ದರೆ, ಕಂಟ್ರೋಲ್, ಆಲ್ಟ್, ಎಫ್2 ಮೂರನ್ನೂ ಒಟ್ಟಿಗೆ ಒತ್ತಿದಾಗ ಬರುವ ಅಕ್ಷರ ಪರದೆಯಲ್ಲಿ ಲಾಗಿನ್ ಆಗಿ ಆ ಕಡತವನ್ನು ಅಳಿಸಿ, ಯಂತ್ರವನ್ನು ಮತ್ತೆ ಬೂಟ್ ಮಾಡಿ.


ಗಾಂಧಿಬಜಾರ್_ಬೈಟು:

ಇದನ್ನೇ ಓದಿ ಎಚ್‌ಡಿಎಂಐ ಟಿವಿಯ ಮೇಲೆ ಪ್ರಯೋಗಿಸುವವರಿಗೆ ಒಂದು ಎಚ್ಚರಿಕೆ, ನನ್ನ ಹಳೆಯ ಲ್ಯಾಪ್‌ಟಾಪ್‌ನ ಅನುಭವದಿಂದ. 'ಸಿವಿಟಿ 1920 1080 60' ಎಂದು ಕೊಟ್ಟರೆ 173 ಮೆಗಾಹರ್ಟ್ಸ್‌ನ ಮೋಡ್‌ಲೈನ್ ಬರುತ್ತದೆ. ಹಳೆಯ ಎಚ್‌ಡಿಎಂಐ ಮತ್ತು ಸಿಂಗಲ್ ಲಿಂಕ್ ಡಿವಿಐ ಸಂಪರ್ಕಗಳ ಮಿತಿ 165 ಮೆಗಾಹರ್ಟ್ಸ್, ಎಚ್‌ಡಿಎಂಐ 1.3ರಲ್ಲಷ್ಟೇ ಅದು 340ಕ್ಕೆ ಏರಿತು. ಹಾಗಾಗಿ ನ್ಯೂಮೋಡ್, ಆ್ಯಡ್‌ಮೋಡ್ ಎರಡೂ ಸದ್ದಿಲ್ಲದೆ ನಡೆದು, ಮೂರನೆಯ ಆಜ್ಞೆಗೆ 'ಕಾನ್ಫಿಗರ್ ಸಿಆರ್‌ಟಿಸಿ 0 ಫೇಲ್ಡ್' ಎಂದು ಬರುತ್ತದೆ. ಟಿವಿಗಳು ಬಯಸುವ ಅಂಕಿಗಳು ಬೇರೆ.

148.50 1920 2008 2052 2200 1080 1084 1089 1125 +ಎಚ್‌ಸಿಂಕ್ +ವಿಸಿಂಕ್

ಟಿವಿಯಲ್ಲದೆ ಕಂಪ್ಯೂಟರ್ ಮಾನಿಟರ್ ಆಗಿದ್ದರೆ 'ಸಿವಿಟಿ -ಆರ್ 1920 1080 60' ಎಂದು ಕೊಟ್ಟು, ಸಾಲುಗಳ ನಡುವಿನ ಬಿಡುವನ್ನು ಕಡಿಮೆ ಮಾಡಿದ 138.50ರ ಮೋಡ್‌ಲೈನ್ ಪಡೆಯಬಹುದು. 1366×768ರ ಲ್ಯಾಪ್‌ಟಾಪ್‌ಗಳಿಗೆ ಸಿವಿಟಿ ನಂಬಬೇಡಿ; ಅದು ಅಗಲವನ್ನು ಎಂಟರ ಗುಣಕಕ್ಕೆ ಏರಿಸಿ 1368 ಮಾಡಿಬಿಡುತ್ತದೆ.

ಈಗಿನ ಉಬುಂಟುವಿನಲ್ಲಿ ಇರುವವರು ಈ ಆಜ್ಞೆಗಳ ಗೋಜಿಗೇ ಹೋಗುವ ಮೊದಲು 'ಎಕೋ $ಎಕ್ಸ್‌ಡಿಜಿ_ಸೆಷನ್_ಟೈಪ್' ಎಂದು ಕೇಳಿಕೊಳ್ಳಿ (ಡಾಲರ್ ಗುರುತಿನ ಮುಂದಿನದೆಲ್ಲ ದೊಡ್ಡ ಅಕ್ಷರ). ಉತ್ತರ ವೇಲ್ಯಾಂಡ್ (ಎಕ್ಸ್ ಸರ್ವರಿನ ಬದಲು ಬಂದ ಹೊಸ ವ್ಯವಸ್ಥೆ) ಎಂದಿದ್ದರೆ ಎಕ್ಸ್‌ರ್ಯಾಂಡರ್ ಪಟ್ಟಿ ತೋರಿಸುತ್ತದೆ, ಆದರೆ ಹೊಸ ಮೋಡ್ ಹಾಕಲು ಅದರಿಂದ ಆಗುವುದಿಲ್ಲ. ಅಲ್ಲಿ ಕರ್ನಲ್‌ಗೇ ಹೇಳಬೇಕು: /ಇಟಿಸಿ/ಡಿಫಾಲ್ಟ್/ಗ್ರಬ್ ಕಡತದ ಕಮಾಂಡ್‌ಲೈನ್ ಸಾಲಿನಲ್ಲಿ 'ವಿಡಿಯೊ=ಎಚ್‌ಡಿಎಂಐ-ಎ-1:1920ಎಕ್ಸ್1080@60' ಎಂದು ಸೇರಿಸಿ, 'ಸುಡೊ ಅಪ್‌ಡೇಟ್-ಗ್ರಬ್' ಕೊಟ್ಟು ಮತ್ತೆ ಬೂಟ್ ಮಾಡಬೇಕು. ಎಕ್ಸ್ ಎಚ್‌ಡಿಎಂಐ-1 ಎಂದು ಕರೆಯುವುದನ್ನು ಕರ್ನಲ್ ಎಚ್‌ಡಿಎಂಐ-ಎ-1 ಎಂದು ಕರೆಯುತ್ತದೆ. ನಡುವಿನ ಆ 'ಎ' ಬಿಟ್ಟರೆ ಯಾವ ದೋಷವನ್ನೂ ತೋರಿಸದೆ ಸಾಲು ವ್ಯರ್ಥವಾಗುತ್ತದೆ.


ಅಚ್ಚುಮೊಳೆ (ಚಾಮರಾಜಪೇಟೆ):

ಆಟೊ ಗುಂಡಿಯಿಂದ ಪಟ್ಟಿ ಹೋಯಿತು, ಮಸುಕು ಉಳಿದಿತ್ತು. 108ರ ಅಂಕಿಗಳನ್ನು ಕೊಟ್ಟ ಮೇಲೆ ಅದೂ ಹೋಗಿ, ಎಂಟು ಪಾಯಿಂಟ್ ಅಕ್ಷರಗಳ ಒತ್ತುಗಳೂ ಓದಲು ಬರುತ್ತಿವೆ. ಕಾನ್ಫ್ ಕಡತ ಬರೆದ ಬಳಿಕ ಲಾಗಿನ್ ಪರದೆಯಿಂದಲೇ ಸರಿಯಾದ ಗಾತ್ರ ಬರುತ್ತಿದೆ. ಎಲ್ಲ ಸೂಜಿಗಳಿರುವ ಕೇಬಲ್ ತರಿಸಲು ಹೇಳಿದ್ದೇನೆ. ಅದು ಬಂದ ಮೇಲೆ ಈ ಕಡತವನ್ನು ಹಾಗೇ ಬಿಟ್ಟರೆ ತೊಂದರೆಯೇ?


ತಂತಿಬೇಲಿ:

ಇದೇ ಮಾನಿಟರ್ ಇರುವವರೆಗೆ ತೊಂದರೆ ಕಾಣುವುದಿಲ್ಲ, ಆದರೂ ತೆಗೆದುಬಿಡಿ. ಕಡತ ಹೇಳುವುದು ವಿಜಿಎ-1 ಎಂಬ ತೂತಿನ ಬಗ್ಗೆ, ಅದಕ್ಕೆ ಸಿಕ್ಕಿಸಿದ ಮಾನಿಟರಿನ ಬಗ್ಗೆ ಅಲ್ಲ. ನಾಳೆ ಯಾರಾದರೂ ಅದಕ್ಕೆ 1024×768ರ ಹಳೆಯ ಪ್ರೊಜೆಕ್ಟರ್ ಜೋಡಿಸಿದರೆ ಎಕ್ಸ್ ಸರ್ವರ್ ಅದರ ಮೇಲೂ 1600×900 ಹೇರಲು ನೋಡುತ್ತದೆ, 'ಔಟ್ ಆಫ್ ರೇಂಜ್' ಎಂಬ ಬರಹ ಮಾತ್ರ ಕಾಣುತ್ತದೆ. ಹೊಸ ಕೇಬಲ್ ಹಾಕಿ ಬೈಟ್ ಎಣಿಸುವ ಆಜ್ಞೆಯನ್ನು ಕೊಡಿ. 128 ಬಂದರೆ ಕಡತದ ಹೆಸರಿನ ಕೊನೆಯ '.ಕಾನ್ಫ್' ತೆಗೆದು '.ಹಳೆಯದು' ಎಂದು ಬದಲಿಸಿ. ಕಾನ್ಫ್ ಎಂದು ಕೊನೆಯಾಗದ ಕಡತಗಳನ್ನು ಎಕ್ಸ್ ಸರ್ವರ್ ಓದುವುದಿಲ್ಲ, ಮುಂದೆಂದಾದರೂ ಬೇಕಾದರೆ ಅಂಕಿಗಳು ನಿಮ್ಮಲ್ಲೇ ಇರುತ್ತವೆ.